ಮಾವ ಕೊಟ್ಟ ಒಂಟಿ, ನಾನು ಬರಿಸಿಕೊಂಡ ಬಾವು

ನನ್ನ ಎರಡೂ ಕಿವಿಗಳು ಹುಟ್ಟಿದಾಗಿನಿಂದ ಒಂದೇ ಅಳತೆಯವು. ಸೂರತ್ತಿನಲ್ಲಿ ಕಳೆದ ಒಂದು ವಾರದ ಮಟ್ಟಿಗೆ ಮಾತ್ರ ಈ ಹೇಳಿಕೆಗೆ ತಿದ್ದುಪಡಿ ಬೇಕು. ಅದಕ್ಕೆ ನೇರ ಕಾರಣ ನಾನು, ಪರೋಕ್ಷ ಕಾರಣ ನನ್ನ ಷಡ್ಡಕ.

ಬ್ಯಾಂಕಿನವರು ವರ್ಗ ಮಾಡಿದ್ದರಿಂದ ನಾವು ಮೈಸೂರು ಬಿಟ್ಟು ಸೂರತ್ತಿನ ಕತಾರ್‌ಗಾಮ್ ಬಡಾವಣೆಯಲ್ಲಿ ಸಂಸಾರ ಹೂಡಿದ್ದೇವೆ. ಮದುವೆಯಲ್ಲಿ ನಮ್ಮ ಮಾವ ಇಬ್ಬರು ಅಳಿಯಂದಿರಿಗೂ ಒಂದೊಂದು ಜೊತೆ ವಜ್ರದ ಒಂಟಿ ಕೊಟ್ಟಿದ್ದರು. ಗಂಡಸರು ಕಿವಿಗೆ ಹಾಕಿಕೊಳ್ಳುವ ಓಲೆ ಅದು. ನಾನು ಆರತಕ್ಷತೆ ಮುಗಿದ ಕೂಡಲೇ ಬಿಚ್ಚಿ ಹೆಂಡತಿ ಸುಮತಿಯ ಕೈಗಿಟ್ಟಿದ್ದೆ. ಮಾವ ಫೋನ್ ಮಾಡಿದಾಗಲೆಲ್ಲ, "ನಮ್ಮ ದೊಡ್ಡಳಿಯಂದಿರ ಕಿವೀಲಿ ಒಂಟಿ ಇವತ್ತಿಗೂ ಹಾಗೇ ಇದೆ ನೋಡಿ," ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಮಾವ ಮೊದಲ ಸಲ ಸೂರತ್ತಿಗೆ ಹೊರಟರು. ಅವರ ಕಣ್ಣಲ್ಲಿ ಷಡ್ಡಕನ ಸಮಕ್ಕೆ ನಿಲ್ಲಲು ಇದೇ ಸಮಯವೆಂದು ಪೆಟ್ಟಿಗೆ ತೆಗೆಸಿದೆ. ಒಂಟಿ ಎರಡಿದ್ದವು, ತಿರುಪು ಒಂದೇ ಇತ್ತು.

"ಚಿನ್ನದ ಅಂಗಡಿಲಿ ಕೊಟ್ರೆ ಇನ್ನೊಂದು ಮಾಡಿಕೊಡ್ತಾರೆ," ಎಂದಳು ಸುಮತಿ.

"ಇಷ್ಟಕ್ಕೆಲ್ಲ ಅಂಗಡಿ ಯಾಕೆ? ನಾನಿಲ್ವೇನೇ?" ಎಂದವನೇ ಮಗಳ ಫ್ಯಾನ್ಸಿ ಓಲೆಯ ತಿರುಪು ಕಳಚಿಕೊಂಡೆ. ಕಿವಿಯ ತೂತು ಅರ್ಧ ಮುಚ್ಚಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ದಬ್ಬಿದೆ. ಬಲಗಿವಿಗೆ ಚಿನ್ನದ ತಿರುಪು, ಎಡಗಿವಿಗೆ ಮಗಳದ್ದು. ಬಿದ್ದುಹೋದೀತೆಂದು ಎರಡನ್ನೂ ಕಣ್ಣಲ್ಲಿ ನೀರು ಬರುವಷ್ಟು ಬಿಗಿದೆ. ಕನ್ನಡಿಯಲ್ಲಿ ನೋಡಿಕೊಂಡಾಗ ಷಡ್ಡಕ ಸೋತ ಅನ್ನಿಸಿತು.

ಮರುದಿನ ಎಡಗಿವಿಯಲ್ಲಿ ನವೆ ಶುರುವಾಯಿತು. ಸೊಳ್ಳೆ ಇರಬೇಕು ಎಂದೆ. ಆಮೇಲೆ ಹೆಲ್ಮೆಟ್ ಎಂದೆ. ಸಂಜೆಗೆ ಹಾಲೆ ಕೆಂಪಗೆ ಬಾತು ಜಾಮೂನಿನಂತಾಯಿತು. ಬಲಗಿವಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿತ್ತು.

"ರೀ, ಅದನ್ನ ಬಿಚ್ಚಿ ಡಾಕ್ಟ್ರಿಗೆ ತೋರಿಸಿ."

"ಬಿಚ್ಚಿದ್ರೆ ತೂತು ಮುಚ್ಚಿಹೋಗತ್ತೆ. ಮಾವ ನಾಳಿದ್ದು ಬರ್ತಾರೆ ಕಣೇ."

"ನಮ್ಮಪ್ಪ ಬರ್ತಿರೋದು ನಿಮ್ಮನ್ನ ನೋಡೋಕೆ, ನಿಮ್ಮ ಕಿವೀನಲ್ಲ."

ಪಕ್ಕದ ಮನೆಯ ಹಂಸಾಬೆನ್ ಅರಿಸಿನ-ತುಪ್ಪ ಕೊಟ್ಟರು, ಹಚ್ಚಿದೆ. ಮಗಳು "ಪಪ್ಪಾ, ಬರಫ್ ಲಗಾವೋ," ಎಂದು ಐಸ್ ತಂದಳು, ಒತ್ತಿದೆ. ಸ್ವಂತ ಬುದ್ಧಿಯೂ ಇರಲೆಂದು ಟೂತ್‌ಪೇಸ್ಟ್ ಬಳಿದೆ. ಹಂಸಾಬೆನ್ ಗಂಡ ರಮಣಿಕ್‌ಭಾಯಿ ವಜ್ರ ಪರೀಕ್ಷಿಸುವವರು. ಅವರು ಕಣ್ಣಿಗೆ ಭೂತಗನ್ನಡಿ ಹಿಡಿದು ನನ್ನ ಕಿವಿಯನ್ನು ಬಹಳ ಹೊತ್ತು ನೋಡಿದರು. ನಾನು ಕಿವಿಯನ್ನು ಬೆಳಕಿಗೆ ಒಡ್ಡಿ ಕೂತೆ.

"ಹೀರಾ ಬಹುತ್ ಅಚ್ಛಾ ಹೈ," ಎಂದು ವಜ್ರವನ್ನು ಮೆಚ್ಚಿಕೊಂಡರು.

ಕಿವಿ ಹೇಗಿದೆ ಎಂದು ಕೇಳಿದೆ.

"ವೋ ಖರಾಬ್ ಹೈ," ಎಂದು ಕನ್ನಡಿಯನ್ನು ಜೇಬಿಗಿಳಿಸಿದರು.

ಬೆಳಗಾಗುವಷ್ಟರಲ್ಲಿ ಜ್ವರ, ಕೀವು ಎರಡೂ ಬಂದವು. ತಿರುಪು ಬಾವಿನೊಳಗೆ ಮುಳುಗಿ ಕಾಣದಾಗಿತ್ತು. ಈಗ ನಿಜವಾಗಿ ಹೆದರಿಕೆಯಾಯಿತು. ಕಿವಿಯೇ ಹೋದರೆ ಮಾವನಿಗೆ ಏನು ತೋರಿಸಲಿ? ಸುಮತಿ ಆಟೋ ಕರೆದಳು.

ಡಾಕ್ಟರಮ್ಮ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಿರುಪನ್ನು ಹೊರಗೆಳೆದರು. ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು ಹಿಂದಿಯಲ್ಲಿ ಹೇಳಿದರು: ಇದು ಚಿನ್ನವಲ್ಲ, ಈ ಲೋಹ ನಿಮ್ಮ ಚರ್ಮಕ್ಕೆ ಆಗಿಲ್ಲ, ಬಿಗಿದದ್ದರಿಂದ ಗಾಯವಾಗಿ ಸೋಂಕು ತಗಲಿದೆ. ಇದರ ಮೇಲೆ ಏನೇನು ಹಚ್ಚಿದಿರಿ ಎಂದೂ ಕೇಳಿದರು. ನಾನು ಒಂದೊಂದಾಗಿ ಹೇಳುತ್ತ ಹೋದೆ. ಟೂತ್‌ಪೇಸ್ಟಿಗೆ ಬರುವಷ್ಟರಲ್ಲಿ ನರ್ಸ್ ಗೋಡೆಯ ಕಡೆ ತಿರುಗಿಕೊಂಡಳು.

ಹುಳ ಕಚ್ಚಿದರೂ, ಪೆಟ್ಟಾದರೂ, ಕುರುವಾದರೂ ಹಾಲೆ ಬಾಯುತ್ತದೆ ಎಂದರು ಡಾಕ್ಟರಮ್ಮ. ಒಂದೆರಡು ದಿನದಲ್ಲಿ ಇಳಿಯದಿದ್ದರೆ ತೋರಿಸಬೇಕು. ಕೀವು, ಜ್ವರ ಬಂದರೆ, ಕೆಂಪು ಕೆನ್ನೆಗೋ ಕಿವಿಯ ಮೇಲಿನ ಗಟ್ಟಿ ಭಾಗಕ್ಕೋ ಹರಡಿದರೆ ಅವತ್ತೇ ಬರಬೇಕು. ತುಟಿ, ಮುಖ ಬಾತು ಉಸಿರಾಟ ಕಷ್ಟವಾದರಂತೂ ನಿಂತ ಹೆಜ್ಜೆಯಲ್ಲೇ ಆಸ್ಪತ್ರೆಗೆ ಓಡಬೇಕು. ಇಷ್ಟು ಹೇಳಿ, "ನೀವು ಯಾಕೆ ಕಾದಿರಿ?" ಎಂದರು. ಮಾವ ಬರುತ್ತಾರೆಂದು ಹೇಳಿದೆ. ಅವರು ಸುಮತಿಯ ಮುಖ ನೋಡಿದರು. ಸುಮತಿ ನೆಲ ನೋಡಿದಳು.

ಮರುದಿನ ರೈಲಿನಿಂದಿಳಿದ ಮಾವ ನನ್ನ ಎಡಗಿವಿಯ ಬ್ಯಾಂಡೇಜ್ ನೋಡಿ ಬ್ಯಾಗನ್ನು ಅಲ್ಲೇ ಕೆಳಗಿಟ್ಟರು. "ಏನಾಯ್ತು ಅಳಿಯಂದಿರೇ?"

ಸುಮತಿ ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು.

"ದೊಡ್ಡಳಿಯಂದಿರು ಯಾವಾಗ್ಲೂ ಹಾಕ್ಕೊಂಡಿರ್ತಾರಲ್ಲ ಮಾವ, ಅದಕ್ಕೇ ನಾನೂ..." ಎಂದೆ.

"ಅಯ್ಯೋ, ಅವರ ಪಾಡು ಯಾಕೆ ಕೇಳ್ತೀರಿ?" ಎಂದರು ಮಾವ. "ಮದುವೆ ದಿನ ಬಿಗಿಯಾಗಿ ತಿರುಗಿಸಿಬಿಟ್ಟಿದ್ದಾರೆ. ತಿರುಪು ಕಚ್ಕೊಂಡು ಕೂತಿದೆ. ಬಿಚ್ಚಿಕೊಡಿ ಅಂತ ಪಾಪ ನಾಲ್ಕು ಅಂಗಡಿ ಅಲೆದ್ರು, ಯಾರ ಕೈಲೂ ಆಗ್ಲಿಲ್ಲ. ಒಂದು ಮಗ್ಗುಲಾಗಿ ಮಲಗೋಕೂ ಆಗಲ್ಲ ಅವರಿಗೆ. ನೀವು ಜಾಣರು, ಅವತ್ತೇ ಬಿಚ್ಚಿಟ್ರಿ ಅಂತ ನಾನು ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದ್ದೆ."

ಜಾಣನಿಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು, ಇನ್ನಾದರೂ ಈ ಸಹವಾಸ ಸಾಕೆಂದು ಬಲಗಿವಿಯ ಒಂಟಿಗೆ ಕೈ ಹಾಕಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಎಣ್ಣೆ ಬಿಟ್ಟೆ. ಸುಮತಿ ಪ್ರಯತ್ನಿಸಿದಳು. ಮಾವನೂ ಪ್ರಯತ್ನಿಸಿದರು.

ಬಲಗಿವಿಯ ಮಟ್ಟಿಗೆ ನಾನೀಗ ಷಡ್ಡಕನ ಸಮಕ್ಕೆ ನಿಂತಿದ್ದೇನೆ.