ಅಡುಗೆಮನೆಗೊಂದಿಷ್ಟು ಬಿಸಿಲು

ಮನೆ ಹರಾಜಿಗೆ ಇನ್ನು ನಾಲ್ಕೇ ಗಂಟೆ ಇರುವಾಗ ಹಿಂಬದಿ ಮನೆಯ ಮರ್ರೆ ಟ್ಯಾಪರ್ ಚಹಾದ ಕಪ್ಪು ಹಿಡಿದು ಒಳಗೆ ಬಂದ. ಲಿಂಡ್ಸೆ ಕೆರಿಗನ್ನನ ಗ್ರಹಚಾರವೂ ಅವನ ಬೆನ್ನಿಗೇ ಬಂತು.

ಡನೀಡನ್ ಊರಿನ ಗುಡ್ಡದ ಮಗ್ಗುಲಲ್ಲಿದ್ದ ಲಿಂಡ್ಸೆಯ ಮನೆ ಹನ್ನೊಂದು ಗಂಟೆಗೆ ಅಂಗಳದಲ್ಲೇ ಹರಾಜಾಗಬೇಕಿತ್ತು. ಮಾರಾಟವಾದರೆ ಟಿಮಾರು ಊರಿನಲ್ಲಿ ಮಗಳು ರೇವಿನ್ ಮನೆಯ ಪಕ್ಕದ ಪುಟ್ಟ ಮನೆಯನ್ನು ಗಂಡ ಹೆಂಡತಿ ಕೊಳ್ಳುವವರಿದ್ದರು. ಅದರ ಒಡತಿ ಇವತ್ತು ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತೇನೆಂದಿದ್ದಳು. ಅವಳಿ ಮೊಮ್ಮಕ್ಕಳನ್ನು ಆಡಿಸುವ ಆಸೆಗೆ ಹೆಂಡತಿ ನೋಲೀನ್ ಆಗಲೇ ಪಿಂಗಾಣಿಯನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದಳು. "ಹುಲ್ಲು ಕತ್ತರಿಸಿ, ಸ್ಕೋನ್ ಬನ್ನು ಬೇಯಿಸಿ, ಮನೆ ಘಮ್ ಅನ್ಲಿ. ಬೇರೇನೂ ಮುಟ್ಬೇಡಿ" ಎಂದು ಹರಾಜು ಕೂಗುವ ಡೆನೀಸ್ ಕಟ್ಟಪ್ಪಣೆ ಮಾಡಿದ್ದಳು.

"ಏನಯ್ಯಾ ಇದು, ಅಡುಗೆಮನೆಯೋ ಗವಿಯೋ?" ಎಂದ ಮರ್ರೆ. "ನಮ್ಮಿಬ್ಬರ ನಡುವಿನ ಆ ಬೇಲಿ ಕಡಿದು ಬಿಸಾಕು. ಬಿಸಿಲು ಬೀಳೋ ಅಡುಗೆಮನೆ ಅಂದ್ರೆ ಜನ ಮುಗಿಬೀಳ್ತಾರೆ. ನನ್ನ ಮೋಟಾರು ಗರಗಸ ಕೊಡ್ತೀನಿ."

"ಡೆನೀಸ್ ಬೇಡ ಅಂದಿದ್ದಾಳೆ," ಎಂದಳು ನೋಲೀನ್.

"ನಮ್ಮ ಕೈಲಾಗೋ ಕೆಲಸಕ್ಕೆ ಅವಳನ್ನ ಕೇಳ್ಬೇಕಾ?" ಎಂದ ಲಿಂಡ್ಸೆ. ಕೈಗೆ ಬಂದ ಗರಗಸವನ್ನು ಬೇಡವೆಂದ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸೂರಿಗಿಂತ ಎತ್ತರ ಬೆಳೆದಿದ್ದ ಮರಗಳ ಬೇಲಿ ಎರಡು ಗಂಟೆಯಲ್ಲಿ ನೆಲ ಕಚ್ಚಿತು. ತೆರೆದ ಕಿಟಕಿಯಿಂದ ಮರದ ಪುಡಿ ಹಾರಿ ಸ್ಕೋನಿನ ಹಿಟ್ಟಿಗೆ ಬಿತ್ತು. ಬಿಸಿಲು ಬಂತು, ಇಲ್ಲವೆನ್ನಲಾಗದು. ಬಂದದ್ದೇ ತಡ, ಮೂವತ್ತು ವರ್ಷ ಕತ್ತಲಲ್ಲಿ ಮಾನ ಉಳಿಸಿಕೊಂಡಿದ್ದ ಗೋಡೆಯ ಬೂಷ್ಟು, ಎಣ್ಣೆ ಕಲೆ ಎಲ್ಲ ಎದ್ದು ಕಂಡವು.

"ಅಯ್ಯೋ, ಅದಕ್ಕೇನು, ಬಣ್ಣ ಬಳಿ!" ಎಂದ ಮರ್ರೆ.

ಲಿಂಡ್ಸೆ ಬಳಿದ. ಹನ್ನೊಂದಕ್ಕೆ ಮನೆ ಕೊಳ್ಳಲು ಬಂದ ಮೂರು ಜೋಡಿಯಲ್ಲಿ ಒಬ್ಬ ಮಹನೀಯ ಹಸಿ ಗೋಡೆಗೆ ಒರಗಿದ. ಅವನ ಕಪ್ಪು ಕೋಟಿನ ಬೆನ್ನು ಬೆಳ್ಳಗಾಯಿತು. ಅವನ ಹೆಂಡತಿ ಸ್ಕೋನ್ ಕಚ್ಚಿ ಕಣ್ಣರಳಿಸಿದಳು.

"ಇದಕ್ಕೆ ಏನ್ ಹಾಕಿದೀರಿ?"

"ನಾರಿನಂಶ. ಹೊಟ್ಟೆಗೆ ಒಳ್ಳೇದು," ಎಂದಳು ನೋಲೀನ್, ಗಂಡನನ್ನು ಸುಡುವಂತೆ ನೋಡುತ್ತ.

ಆ ಹೆಂಗಸು ಕಿಟಕಿಯಿಂದ ಇಣುಕಿದಳು. ಮೊದಲು ಕಂಡದ್ದು ತಂತಿಯ ಮೇಲೆ ಒಣಗುತ್ತಿದ್ದ ಮರ್ರೆಯ ಚಡ್ಡಿಗಳು. ಆಮೇಲೆ ದಿಬ್ಬದ ಮೇಲಿನ ಅವನ ವರಾಂಡ. "ಅಲ್ಲಿಂದ ಕಡಲು ಕಾಣಿಸ್ಬೇಕಲ್ವಾ?"

"ಕಾಣಿಸುತ್ತಮ್ಮಾ! ಇವತ್ತು ಬೆಳಗ್ಗೆ ಬೇಲಿ ಬಿದ್ದಾಗಿಂದ!" ಎಂದು ಮರ್ರೆ ಬೊಡ್ಡೆಗಳ ಆಚೆಯಿಂದ ಕೂಗಿದ. "ಬನ್ನಿ, ನೋಡ್ಕೊಂಡು ಹೋಗಿ!"

ಮೂರೂ ಜೋಡಿ ಬೊಡ್ಡೆ ದಾಟಿ ಮೇಲೆ ಹತ್ತಿದವು. ಡೆನೀಸ್ ಖಾಲಿ ಅಂಗಳಕ್ಕೆ ಎರಡು ಸಲ ಕೂಗಿ ನೋಡಿದಳು. ಕೊನೆಗೆ, "ತಪ್ಪು ತಿಳ್ಕೋಬೇಡಿ" ಎಂದು ತನ್ನ ಹರಾಜಿನ ಫಲಕ ಕಿತ್ತುಕೊಂಡು ಅವಳೂ ಹತ್ತಿದಳು.

ಸಂಜೆ ಮರ್ರೆ ಬಿಯರ್ ಬಾಟಲಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದ. "ನನ್ನ ಮನೆ ಮಾರೇಬಿಟ್ಟೆ ಕಣಯ್ಯಾ. ದೇವರಾಣೆಗೂ ಅಂದ್ಕೊಂಡಿರಲಿಲ್ಲ."

ಲಿಂಡ್ಸೆ ಬಾಟಲಿ ತೆಗೆದುಕೊಂಡ. "ಮತ್ತೆ ನೀನೆಲ್ಲಿರ್ತೀಯ?"

"ಅದೇ ಚಿಂತೆಯಾಯ್ತು. ನಿಮಗಂತೂ ಗಡುವು ದಾಟಿತಲ್ಲ, ಟಿಮಾರುಗೆ ಫೋನ್ ಹಾಕ್ದೆ. ರೇವಿನ್ ಪಕ್ಕದ ಮನೆ ನನಗಾಯ್ತು!"

ನೋಲೀನ್ ಕುಳಿತು ಪಿಂಗಾಣಿಯ ಪೇಪರು ಬಿಚ್ಚತೊಡಗಿದಳು. ಅವಳ ಕಣ್ಣು ತುಂಬಿತ್ತು.

"ಅಳಬೇಡ ನೋಲೀನ್, ಮಕ್ಕಳನ್ನ ನಾನು ನೋಡ್ಕೋತೀನಿ," ಎಂದ ಮರ್ರೆ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಹಾಂ, ಲಿಂಡ್ಸೆ, ಆ ಗರಗಸ ಕೊಟ್ಬಿಡು. ರೇವಿನ್ ಅಡುಗೆಮನೇನೂ ಬಲು ಕತ್ತಲಂತೆ."