ರೈಟ್ ಹೇಳದೆ ಹೊರಡದ ಮನೆ

ನಮ್ಮ ಭಾವನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಲು ಅವರ ಹೊಟ್ಟೆ ತುಂಬಿದರೆ ಸಾಲದು, ಯಾರಾದರೂ ‘ರೈಟ್’ ಅನ್ನಬೇಕು! ನಂಬುವುದಿಲ್ಲವೇ? ಮೊದಲು ನಾನೂ ನಂಬಿರಲಿಲ್ಲ. ಮೂವತ್ತನಾಲ್ಕು ವರ್ಷ ನಂಜನಗೂಡಿನಿಂದ ತಿ. ನರಸೀಪುರಕ್ಕೆ, ನರಸೀಪುರದಿಂದ ನಂಜನಗೂಡಿಗೆ ಬಸ್ಸು ಓಡಿಸಿದ ಮನುಷ್ಯ. ಹಿಂದಿನಿಂದ ಕಂಡಕ್ಟರ್ ‘ರೈಟ್ ರೈಟ್’ ಎಂದು ಕೂಗದೆ ಅವರ ಕಾಲು ಕ್ಲಚ್ಚಿನಿಂದ ಮೇಲೇಳುತ್ತಿರಲಿಲ್ಲ. ನಿವೃತ್ತಿಯಾಯಿತು, ಕಂಡಕ್ಟರ್ ಹೋದ, ಕಾಯುವ ಅಭ್ಯಾಸ ಮಾತ್ರ ಮನೆಗೆ ಬಂತು. ಉಂಡು ಮುಗಿಸಿ, ಎಂಜಲು ಕೈ ಒಣಗಿದರೂ ಕೂತೇ ಇರುತ್ತಾರೆ. ಸ್ನಾನಕ್ಕೆ ಹೊರಟವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತಿರುತ್ತಾರೆ. ನಾನು ಹೋದಾಗಲೆಲ್ಲ, ಪಾಪ, ನೀರು ಆರಿ ಹೋಗುತ್ತದಲ್ಲ ಎಂದು “ರೈಟ್ ಭಾವ” ಎಂದುಬಿಡುತ್ತೇನೆ. ನಮ್ಮಕ್ಕ ಮಾತ್ರ ಒಂದು ದಿನವೂ ಅಂದವಳಲ್ಲ.

“ನಾನೇನ್ ನಿಮ್ ಕಂಡಕ್ಟರಾ? ಮದ್ವೆ ದಿನ ತಾಳಿ ಕಟ್ಟುದ್ರಿ, ಸೀಟಿ ಕೊಡ್ನಿಲ್ಲ!” ಎನ್ನುತ್ತಾಳೆ.

ಇಂಥ ಗಂಡನಿಗೆ ಇಂಥ ಹೆಂಡತಿಯನ್ನು ಗಂಟು ಹಾಕಿದ್ದು ದೇವರ ತಮಾಷೆಯೇ ಸರಿ. ಯಾಕೆಂದರೆ ಡ್ರೈವರನ ಹೆಂಡತಿಗೆ ಬಸ್ಸು ಹತ್ತಿದರೆ ವಾಂತಿ! ಓಡುವ ಬಸ್ಸೇ ಆಗಬೇಕೆಂದಿಲ್ಲ, ನಿಂತ ಬಸ್ಸಾದರೂ ಸಾಕು, ಡೀಸೆಲ್ ವಾಸನೆ ಬಂದರೆ ಮುಗಿಯಿತು. ತವರಿಗೆ ಬರುವ ಹದಿನೈದು ಕಿಲೋಮೀಟರಿಗೆ ಅವಳಿಗೆ ಮೂರು ನಿಂಬೆಹಣ್ಣು, ಎರಡು ಟವೆಲ್ ಬೇಕು. ಅದರಾಚೆ ಅವಳು ಎಲ್ಲಿಗೂ ಹೋದವಳಲ್ಲ.

ಮದುವೆಯಾದ ಹೊಸದರಲ್ಲಿ ಅಕ್ಕ ಕಪಿಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಾಗ, ತವರಿಂದ ತಂದಿದ್ದ ಹಳದಿ ಬಣ್ಣದ ಸೋಪಿನ ಡಬ್ಬಿ ನೀರಿಗೆ ಜಾರಿ ತೇಲಿಕೊಂಡು ಹೋಯಿತಂತೆ. ಅಕ್ಕ ಅದನ್ನೇ ನೋಡುತ್ತಾ, “ಈ ನೀರು ಎಲ್ಲೀಗಂಟ ಓಯ್ತದೆ?” ಎಂದು ಕೇಳಿದಳಂತೆ.

“ನರಸೀಪುರದಲ್ಲಿ ಕಾವೇರಿಗೆ ಸೇರ್ತದೆ. ಅಲ್ಲೀಗಂಟ ನನ್ ರೂಟು. ಅಲ್ಲಿಂದಾಚೀಕೆ ನಂಗೊತ್ತಿಲ್ಲ” ಎಂದರಂತೆ ಪಕ್ಕದಲ್ಲಿದ್ದ ಭಾವ, ಗಂಭೀರವಾಗಿ.

“ಸಮುದ್ರಕ್ಕೆ ಓಯ್ತದಂತಲ್ಲ, ನೋಡ್ಬೇಕಪ್ಪ ನಾನು.”

“ರಿಟೈರ್ ಆಗ್ಲಿ, ಇಬ್ರೂ ಓಗಣ.”

ಹೊಸ ಹೆಂಡತಿಗೆ ಗಂಡಂದಿರು ಏನೇನು ಮಾತು ಕೊಡುವುದಿಲ್ಲ! ಅಕ್ಕನೂ ಅದನ್ನು ಸೋಪಿನ ಡಬ್ಬಿಯ ಜೊತೆಗೇ ಬಿಟ್ಟುಬಿಟ್ಟಿದ್ದಳು. ಭಾವ ಬಿಟ್ಟಿರಲಿಲ್ಲ. ಬೀಳ್ಕೊಡುಗೆಯ ಶಾಲು ಮಡಿಸಿ ಬೀರುವಿಗಿಟ್ಟ ಮಾರನೆಯ ಬೆಳಿಗ್ಗೆಯೇ ಗಾಡಿ ಹುಡುಕಲು ಹೊರಟರು. (ರೈಟ್ ಹೇಳಿದ್ದು ನಾನೇ, ಫೋನಿನಲ್ಲಿ.) ಗಾಡಿಯೊಳಗೇ ಮನೆ ಮಾಡಿಕೊಳ್ಳುವುದಂತೆ. ಒಲೆ ಅಲ್ಲೇ, ಹಾಸಿಗೆ ಅಲ್ಲೇ. ನದಿ ಹೋದ ಕಡೆ ಹೋಗುವುದು, ಅಕ್ಕನಿಗೆ ತಲೆ ಸುತ್ತಿದ ಕಡೆ ನಿಲ್ಲುವುದು.

“ಬಸ್ನಲ್ಲಿ ವಾಂತಿ ಮಾಡುದ್ರೆ ಐವತ್ ಜನ ಮುಖ ಸಿಂಡರಿಸ್ತರೆ ಕಣ್ ಕೂಸೇ. ಅವ್ಳ್ ಮನೇಲಿ ಅವ್ಳ್ ಮಾಡುದ್ರೆ ಯಾರ್ ಕೇಳ್ತರೆ?” ಎಂಬುದು ಭಾವನ ವಾದ. ಇದಕ್ಕೆ ಎದುರು ಮಾತುಂಟೇ?

ಗಾಡಿ ಕೊಳ್ಳುವವರು ಟೈರು ತಟ್ಟುತ್ತಾರೆ, ಇಂಜಿನ್ನಿನ ಸದ್ದು ಕೇಳುತ್ತಾರೆ. ನಮ್ಮ ಭಾವ ಮೂಗಿನಿಂದ ಗಾಡಿ ಆರಿಸಿದರು! ಒಳಗೆ ಹತ್ತಿ, ಕಣ್ಣು ಮುಚ್ಚಿ, ಮೂಲೆ ಮೂಲೆ ಮೂಸುವುದು. ಒಂದರಲ್ಲಿ ಕೋಳಿಯ ವಾಸನೆ, ಬೇಡ. ಇನ್ನೊಂದರಲ್ಲಿ ಹೊಸ ಪೇಂಟಿನ ವಾಸನೆ, ಅದಂತೂ ಬೇಡವೇ ಬೇಡ. ಚಿಕ್ಕಯ್ಯನಛತ್ರದ ಮೆಕ್ಯಾನಿಕ್ ಒಬ್ಬ ತಾಳಲಾರದೆ ಕೇಳಿಯೇಬಿಟ್ಟ: “ಸಾ, ಬಾನೆಟ್ ಎತ್ತಿ ನೋಡಿ ಸಾ. ಸೀಟ್ ಯಾಕ್ ಮೂಸ್ತಿದ್ದೀರಿ, ಅಬ್ಬದ್ ಸಾರ್ ಮೂಸ್ದಂಗೆ?”

“ಇಂಜಿನ್ ಕೆಟ್ರೆ ನಾನ್ ರಿಪೇರಿ ಮಾಡ್ತೀನಿ ಕಣ್ಲಾ. ಎಂಡ್ತಿ ಮೂಗ್ನ ರಿಪೇರಿ ಮಾಡಕಾದ್ದಾ?”

ಕೊನೆಗೆ ಸಿಕ್ಕಿತು, ಬೇಕರಿಯೊಂದು ಬ್ರೆಡ್ಡು ಬನ್ನು ಸಾಗಿಸುತ್ತಿದ್ದ ಹಳೆಯ ವ್ಯಾನು. ಅಂದು ಭಾವ ಫೋನಿನಲ್ಲಿ ಹೆಚ್ಚುಕಡಿಮೆ ಕುಣಿಯುತ್ತಿದ್ದರು. “ಬನ್ನಿನ್ ವಾಸ್ನೆ ಕಣ್ ಕೂಸೇ! ಪ್ರಪಂಚದಲ್ಲಿ ಬನ್ನಿನ್ ವಾಸ್ನೆಗೆ ಯಾರ್ಗಾರ ವಾಂತಿ ಬಂದದ್ದುಂಟಾ?”

ಆಮೇಲೆ ನಡೆದ ಸಿದ್ಧತೆಯನ್ನು ಏನೆಂದು ಹೇಳಲಿ! ಮಡಚುವ ಮಂಚ ಬಂತು, ಪುಟ್ಟ ಒಲೆ ಬಂತು, ಪಾತ್ರೆ ಬೀಳದಂತೆ ಸ್ಟ್ಯಾಂಡಿಗೆ ಪಟ್ಟಿ ಬಂತು. ರಾಗಿಹಿಟ್ಟಿನ ಡಬ್ಬಕ್ಕೆ ಸೀಟ್ ಬೆಲ್ಟು! ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಒಂದು ಹಳದಿ ಸೋಪಿನ ಡಬ್ಬಿ. ಅದಕ್ಕೆ ನಾಲ್ಕು ಸ್ಕ್ರೂ.

“ಒಂದ್ ಸೋಪಿನ್ ಡಬ್ಬಿಗೆ ನಾಲ್ಕ್ ಸ್ಕ್ರೂ ಯಾಕೆ ಭಾವ?”

“ಈ ಸಲ ತೇಲ್ಕಂಡ್ ಓಗ್ಬಾರ್ದು” ಎಂದರು ಸ್ಕ್ರೂಡ್ರೈವರ್ ತಿರುಗಿಸುತ್ತಲೇ, ನನ್ನ ಮುಖ ನೋಡದೆ.

ಅಕ್ಕನ ತರಬೇತಿ ಬೇರೆಯೇ ಒಂದು ಅಧ್ಯಾಯ. ಮೊದಲ ವಾರ ಇಂಜಿನ್ ಆಫ್ ಮಾಡಿ, ಮನೆ ಮುಂದೆ ನಿಂತ ವ್ಯಾನಿನಲ್ಲಿ ಕೂತು ಸೊಪ್ಪು ಬಿಡಿಸುವುದು. ಎರಡನೆಯ ವಾರ ಇಂಜಿನ್ ಆನ್, ಗಾಡಿ ನಿಂತಲ್ಲೇ, ಅದೇ ಸೊಪ್ಪು. ಮೂರನೆಯ ವಾರ ಬೀದಿಯ ತುದಿಯವರೆಗೆ. ಸಂಜೆ ಸಂಜೆ ನನಗೆ ವರದಿ ಬರುತ್ತಿತ್ತು: “ಇವತ್ತು ಆಲಿನ್ ಡೈರಿ ದಾಟುದ್ವಿ, ಏನೂ ಇಲ್ಲ!” ಮರುದಿನ: “ರೈಲ್ವೆ ಗೇಟ್ ದಾಟುದ್ವಿ, ಬರೀ ತೇಗು!” ಅಕ್ಕ ಹಿಂದಿನಿಂದ ಕೂಗುವುದೂ ಕೇಳಿಸುತ್ತಿತ್ತು: “ಊರಿಗೆಲ್ಲ ಡಂಗೂರ ಸಾರಿ, ಇನ್ನೊಂದ್ ಉಳ್ದದೆ, ಪೇಪರ್ಗೂ ಆಕ್ಸಿ!”

ಅಂತೂ ಅಕ್ಕ ಗೆದ್ದಳು. ಆದರೆ ಸೋತವರು ಯಾರು ಗೊತ್ತೇ? ಭಾವ! ಮೂರು ಸಲ ಇಬ್ಬರೂ, ಫೋನಿನಲ್ಲಿ ನನ್ನ ರೈಟ್ ಕೇಳಿಕೊಂಡು, ಪ್ರಯಾಣ ಹೊರಟರು. ಮೂರು ಸಲವೂ ವ್ಯಾನು ನರಸೀಪುರದವರೆಗೆ ಹೋಯಿತು, ಬಸ್ ಸ್ಟ್ಯಾಂಡಿನ ಪಕ್ಕ ನಿಂತಿತು, ಭಾವ ಇಳಿದು ಟೀ ಕುಡಿದರು, ಗಾಡಿ ತಿರುಗಿಸಿದರು, ವಾಪಸು ನಂಜನಗೂಡು. ಮೂರನೆಯ ಸಲ ಹಳೆಯ ಸಹೋದ್ಯೋಗಿಯೊಬ್ಬರು ಸ್ಟ್ಯಾಂಡಿನಿಂದಲೇ ಕೂಗಿದರಂತೆ: “ಏನ್ಲಾ, ರಿಟೈರ್ ಆದ್ಮೇಲೆ ಮನೆನೂ ಒತ್ಕಂಡು ಡ್ಯೂಟಿಗೆ ಬಂದಿದ್ದೀಯಾ?”

ನಾಲ್ಕನೆಯ ಸಲ ಅಕ್ಕ ನನಗೆ ಹೇಳಿ ಕಳಿಸಿದಳು. “ನೀನೂ ನರಸೀಪುರದ ಗಂಟ ಬಾ. ಈ ಸಲ ತಿರುಗುಸ್ಕಂಡ್ ಬಂದ್ರೆ ನಾನ್ ಈ ಗಾಡೀಲಿ ಕೋಳಿ ಸಾಕ್ತೀನಿ.”

ಅಂದು ಅಕ್ಕ ಮುಂದೆ, ನಾನು ಹಿಂದೆ ಮಂಚದ ಮೇಲೆ. ನಾನು ರೈಟ್ ಅಂದೆ, ಮನೆ ಹೊರಟಿತು. ಭಾವನ ಕೈಕಾಲುಗಳಿಗೆ ಅವರು ನಿವೃತ್ತರಾದ ಸುದ್ದಿ ಇನ್ನೂ ಮುಟ್ಟಿರಲಿಲ್ಲವೆಂದು ಕಾಣುತ್ತದೆ, ಸಿಕ್ಕ ಸಿಕ್ಕ ಸ್ಟಾಪಿನಲ್ಲೆಲ್ಲ ಗಾಡಿ ನಿಲ್ಲಿಸಿದರು! ಎರಡನೆಯ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಬಾಗಿಲು ತೆಗೆದು, ಕರಿಬೇವಿನ ಗಂಟು ಒಳಗೆ ತಳ್ಳಿ, ನನ್ನ ಪಕ್ಕ ಮಂಚದ ಮೇಲೆ ಕೂತು, ಫ್ರೀ ಟಿಕೆಟ್ಟಿಗೆಂದು ಆಧಾರ್ ಕಾರ್ಡು ನನ್ನ ಮುಖಕ್ಕೆ ಹಿಡಿದರು.

“ಅಜ್ಜಿ, ಇದು ಬಸ್ಸಲ್ಲ, ಮನೆ.”

“ಮನ್ಯಾದ್ರೆ ಮುಗ್ದೋಯ್ತು, ಒಂದ್ ಲೋಟ ನೀರ್ ಕೊಡವ್ವ. ನರಸೀಪುರದ ಸಂತೆಗೆ ಇಳುಸ್ಬುಡಿ.”

ಬನ್ನಿನ ವಾಸನೆಗೆ ಕರಿಬೇವಿನ ಒಗ್ಗರಣೆ ಸೇರಿತು. ಅಕ್ಕನ ಕೈಯ ನಿಂಬೆಹಣ್ಣು ಕೈಯಲ್ಲೇ ಇತ್ತು.

ಮುಂದೆ ನಮ್ಮೂರಿನ ಗೇಟು ಬಂತು. ಗೇಟೆಂದರೆ ಬಾಗಿಲಲ್ಲ, ದೊಡ್ಡ ರಸ್ತೆಯಿಂದ ಊರೊಳಗೆ ತಿರುಗುವ ಜಾಗ. ಅಲ್ಲಿ ಭಾವ ನಿಲ್ಲಿಸಿದರು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಇಳಿಯುವವರಿಲ್ಲ, ಹತ್ತುವವರಿಲ್ಲ. ಭಾವ ಊರ ದಾರಿಯನ್ನೇ ನೋಡುತ್ತಿದ್ದಾರೆ.

“ಯಾರಿಗ್ ಕಾಯ್ತಿದ್ದೀರಿ ಭಾವ?”

“ನೀ ಬರ್ಬೇಕಲ್ಲ ಕೂಸೇ.”

“ನಾನ್ ಇಲ್ಲೇ ಇದ್ದೀನಲ್ಲ!”

ಭಾವ ತಿರುಗಿ ನೋಡಿ, ನಾಚಿಕೊಂಡು ತಲೆ ಕೆರೆದುಕೊಂಡರು. ಅಜ್ಜಿ ಕಿಸಕ್ಕನೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನು ನರಸೀಪುರದ ಕಾಲೇಜಿಗೆ ಹೋಗುತ್ತಿದ್ದದ್ದು ಭಾವನ ಬಸ್ಸಿನಲ್ಲಿ. ಹಾಲು ಕರೆದು, ಕೊಟ್ಟಿಗೆ ಬಾಚಿ, ಒದ್ದೆ ಜಡೆಯಲ್ಲೇ ಓಡಿ ಬರುವಷ್ಟರಲ್ಲಿ ದಿನವೂ ತಡ. ದಿನವೂ ಬಸ್ಸು ನಮ್ಮ ಗೇಟಿನಲ್ಲಿ ಕೆಟ್ಟು ನಿಂತಿರುತ್ತಿತ್ತು! ಜನ ಬೈಯುತ್ತಿದ್ದರೆ ಭಾವ ಬಾನೆಟ್ ಎತ್ತಿ, ಒಳಗೆ ಬಗ್ಗಿ, ಏನನ್ನೋ ಹುಡುಕುತ್ತಿದ್ದರು. ನಾನು ಹತ್ತಿದ ಗಳಿಗೆಗೆ ಸರಿಯಾಗಿ ರಿಪೇರಿ ಮುಗಿಯುತ್ತಿತ್ತು. ಐದು ವರ್ಷ, ಒಂದೇ ಜಾಗದಲ್ಲಿ, ಒಂದೇ ರಿಪೇರಿ. ಇಂದು ನಾನು ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು ಅನ್ನ ತಿನ್ನುತ್ತಿರುವುದು ಆ ಸುಳ್ಳು ರಿಪೇರಿಯ ಪುಣ್ಯ. ಒಂದು ಸಲವೂ ನಾನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಂದೂ “ರೈಟ್ ಭಾವ” ಎಂದಷ್ಟೇ ಅಂದೆ.

ನರಸೀಪುರ ಬಂತು. ವ್ಯಾನು ಎಂದಿನ ಜಾಗದಲ್ಲೇ ನಿಂತಿತು. ಅಜ್ಜಿ ಇಳಿದರು, ನಾನೂ ಇಳಿದೆ. ಭಾವ ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಕೂಸೇ, ಇಲ್ಲೀಗಂಟ ಯಾವ್ ಅಂಪ್ ಎಲ್ಲದೆ, ಯಾವ್ ಗುಂಡಿ ಎಲ್ಲದೆ, ಕಣ್ಮುಚ್ಕಂಡ್ ಯೋಳ್ತೀನಿ. ಆಚೀಕೆ ಒಂದೂ ಗೊತ್ತಿಲ್ಲ. ಇವ್ಳನ್ನ ಕೂರುಸ್ಕಂಡು ಗೊತ್ತಿಲ್ದಿರೋ ದಾರೀಲಿ... ಏನಾರ ಆದ್ರೆ?”

ಇಷ್ಟು ವರ್ಷ ಸಾವಿರಾರು ಜನರನ್ನು ದಡ ಮುಟ್ಟಿಸಿದ ಮನುಷ್ಯ ಕೇಳುವ ಮಾತೇ ಇದು! ನಾನು ರೈಟ್ ಅನ್ನಲು ಬಾಯಿ ತೆರೆದೆ. ಕಿಟಕಿಯೊಳಗಿಂದ ಅಕ್ಕ ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದಳು. ನಿಂಬೆಹಣ್ಣನ್ನು ಕಿಟಕಿಯಾಚೆ ನನ್ನ ಕೈಗಿಟ್ಟಳು. ಸೆರಗು ಸರಿ ಮಾಡಿಕೊಂಡು ನೇರ ಕೂತಳು.

“ಆ ಸೋಪಿನ್ ಡಬ್ಬಿ ಒಂದೇ ಓಗ್ನಿಲ್ವಾ? ನಾವಾದ್ರೆ ಇಬ್ರಿದ್ದೀವಿ” ಎಂದಳು. ಆಮೇಲೆ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ, “ರೈಟ್ ರೈಟ್!”

ಭಾವನ ಕಾಲು ಕ್ಲಚ್ಚಿನಿಂದ ತಾನಾಗಿ ಮೇಲೆದ್ದಿತು. ಮನೆ ಮುಂದಕ್ಕೆ ಹೋಗಿ, ಕೊಳ್ಳೇಗಾಲದ ರಸ್ತೆಗೆ ತಿರುಗಿ ಮರೆಯಾಯಿತು.

ನಾನು ವಾಪಸು ಬರಲು ನಂಜನಗೂಡಿನ ಬಸ್ಸಿಗೆ ಕಾಯುತ್ತಾ ನಿಂತೆ. ಬಸ್ಸು ಮುಕ್ಕಾಲು ಗಂಟೆ ತಡ. ಸುತ್ತಲಿದ್ದವರೆಲ್ಲ ಡ್ರೈವರನ್ನು ಬೈಯುತ್ತಿದ್ದರು. ನಾನು ನಿಂಬೆಹಣ್ಣು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಯಾರಿಗೆ ಗೊತ್ತು, ಯಾವ ಊರಿನ ಗೇಟಿನಲ್ಲಿ ಯಾರ ಒದ್ದೆ ಜಡೆಗೆ ಅದು ಕಾಯುತ್ತಿದೆಯೋ!