ಸೊನ್ನೆ ನೇತುಹಾಕಿದ ಸೇಫ್ಟಿ ಆಫೀಸರು

ಜನ ಹಿಮಾಲಯ ಹತ್ತುತ್ತಾರೆ, ಆನೆ ನೋಡಲೆಂದು ಕಾಡಿಗೆ ನುಗ್ಗುತ್ತಾರೆ. ಅಂಥವರು ಕಾಲು ಮುರಿದುಕೊಂಡು ಬಂದರೂ ಆ ಕುಂಟುವಿಕೆಗೊಂದು ಗತ್ತು ಇರುತ್ತದೆ. ನನ್ನ ಕಾಲು ಮುರಿದದ್ದು ಬೂದುಗುಂಬಳಕಾಯಿಯಿಂದ. ಇದನ್ನು ನಾಲ್ಕು ಜನರ ಮುಂದೆ ಹೇಗೆ ಹೇಳಿಕೊಳ್ಳುವುದು? ನೆಂಟರು ಯಾರಾದರೂ ವಿಚಾರಿಸಿದರೆ "ಏನ್ ಮಾಡೋದು, ಫ್ಯಾಕ್ಟರಿ ಕೆಲಸ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ನನ್ನ ಮೇಲೆ ಯಾವುದೋ ದೊಡ್ಡ ಯಂತ್ರವೇ ಉರುಳಿರಬೇಕೆಂದು ಅವರು ಮರುಗಿ ಇನ್ನೊಂದು ಚಕ್ಕುಲಿ ಬಡಿಸುತ್ತಿದ್ದರು. ನಾನು ತಿನ್ನುತ್ತಿದ್ದೆ.

ನಾಚಿಕೆಗೆ ಇನ್ನೂ ಒಂದು ಕಾರಣವಿದೆ. ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಬೀಳಬೇಡಿ ಎಂದು ಇತರರಿಗೆ ಹೇಳುವುದಕ್ಕೇ ನನಗೆ ಸಂಬಳ. ಈ ಚಟ ಮನೆಗೂ ಬಂದಿತ್ತು. ಹೆಂಡತಿ ವಿಶಾಲಾಕ್ಷಿ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿದರೂ ಒಂದು ಸಣ್ಣ ಭಾಷಣ ಬಿಗಿಯುತ್ತಿದ್ದೆ. ಆಕೆ ಧಾರವಾಡದ ಕಡೆಯವಳು. "ನೀವು ಮನ್ಯಾಗ ಇದ್ರ ಒಗ್ಗರಣಿ ಹಾಕ್ಲಿಕ್ಕೂ ಹೆದರಿಕಿ ಆಗ್ತದ ನೋಡ್ರಿ" ಎನ್ನುತ್ತಿದ್ದಳು. ಇದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಕಾರ್ಖಾನೆಯ ಗೇಟಿನ ಒಳಗೆ, ಕಂಬದ ಮೇಲೆ 'ಅಪಘಾತವಿಲ್ಲದ ದಿನಗಳು' ಎಂಬ ಬೋರ್ಡು ಇತ್ತು. ದಿನವೂ ತಗಡಿನ ಅಂಕಿ ಬದಲಾಯಿಸಬೇಕು. ಕೆಲಸದಲ್ಲಿ ಪೆಟ್ಟಾಗಿ ಯಾರಾದರೂ ರಜೆ ಹಾಕಿದರೆ ಎಲ್ಲ ಅಂಕಿ ತೆಗೆದು ಸೊನ್ನೆ. ಇದರ ಜೊತೆಗೆ ನಾನೊಂದು ಪದ್ಧತಿ ಹುಟ್ಟುಹಾಕಿದ್ದೆ: ಪೆಟ್ಟು ಮಾಡಿಕೊಂಡವರು ರಜೆ ಮುಗಿಸಿ ಬಂದ ದಿನ, ಎಲ್ಲರೆದುರು ತಮ್ಮ ಕೈಯಾರೆ ಆ ಸೊನ್ನೆಯನ್ನು ನೇತುಹಾಕಬೇಕು; ಅಲ್ಲಿಯವರೆಗೆ ಬೋರ್ಡು ಖಾಲಿ. ನಾಚಿಕೆಯಾದರೆ ಎಚ್ಚರ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ನನ್ನ ಕಾಲು ಮುರಿಯುವ ಹಿಂದಿನ ವರ್ಷ ಮಾಕಳಿಯಿಂದ ಬರುತ್ತಿದ್ದ ಪ್ರೆಸ್ ಆಪರೇಟರ್ ರಂಗಪ್ಪ ಬೆರಳು ಕೊಯ್ದುಕೊಂಡಿದ್ದ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಏಣಿ ಹತ್ತಿ ಸೊನ್ನೆ ಹಾಕಿದ. ನಾನು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವನು ತಲೆ ಎತ್ತದೆ ಇಳಿದು ಹೋದ. ಕಾರ್ಯಕ್ರಮ ಯಶಸ್ವಿಯಾಯಿತೆಂದು ನಾನು ಹಿಗ್ಗಿದೆ.

ಮರುವರ್ಷ ಆಡಳಿತ ಮಂಡಳಿ ಒಂದು ಆಸೆ ಹುಟ್ಟಿಸಿತ್ತು. ದೀಪಾವಳಿಯವರೆಗೆ ಬೋರ್ಡಿಗೆ ಸೊನ್ನೆ ಬೀಳದಿದ್ದರೆ ಪ್ರತಿ ಮನೆಗೂ ಒಂದು ಪ್ರೆಷರ್ ಕುಕ್ಕರು. ಅಂದಿನಿಂದ ಕಾರ್ಖಾನೆಯಲ್ಲಿ ಎಲ್ಲರೂ ನನ್ನ ಹಾಗೇ ಆಗಿಬಿಟ್ಟರು. ಕ್ಯಾಂಟೀನಿನಲ್ಲಿ ಬಿಸಿ ಟೀ ಹಿಡಿದವರಿಗೂ "ಹುಷಾರು ಗುರು, ಕುಕ್ಕರ್ ಹೋಗ್ಬಿಡುತ್ತೆ" ಎಂಬ ಎಚ್ಚರಿಕೆ ಸಿಗುತ್ತಿತ್ತು. ನಮ್ಮ ಮನೆಯ ಕುಕ್ಕರಿನ ಹಿಡಿಯೂ ಮುರಿದಿತ್ತು. ಹೊಸದು ಬರುತ್ತದಲ್ಲ ಎಂದು ವಿಶಾಲಾಕ್ಷಿ ಅದನ್ನು ಹಳೆ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಂಡಳು.

ಆಯುಧಪೂಜೆ ಬಂತು. ಲೇತುಗಳಿಗೆಲ್ಲ ಚೆಂಡುಹೂವಿನ ಹಾರ, ಫೋರ್ಕ್‌ಲಿಫ್ಟಿನ ಚಕ್ರಗಳ ಕೆಳಗೆ ನಿಂಬೆಹಣ್ಣು. ಪೂಜೆಯಾದ್ದರಿಂದ ಎಲ್ಲರೂ ಸೇಫ್ಟಿ ಶೂ ಕಳಚಿ ಬರಿಗಾಲಲ್ಲಿದ್ದೆವು. ಯಾವ ಅವಘಡವೂ ಆಗದಿರಲಿ ಎಂದು ದೃಷ್ಟಿ ತೆಗೆದು, ಕುಂಕುಮ ತುಂಬಿದ ಬೂದುಗುಂಬಳವನ್ನು ಗೇಟಿನ ಬಳಿ ಒಡೆದರು. ಅದರ ಮೇಲೆ ಸ್ಕೂಟರಿನವರು ಜಾರಿ ಬೀಳುವುದನ್ನು ನಾನು ಬಲ್ಲೆ. ಕೈ ಅಗಲಿಸಿ ಜನರ ಕಡೆ ಮುಖ ಮಾಡಿ, "ಎಲ್ಲರೂ ಹಿಂದೆ ಸರೀರಿ, ಜಾರುತ್ತೆ!" ಎಂದು ಕೂಗುತ್ತಾ ನಾನೂ ಹಿಂದೆ ಹಿಂದೆ ಸರಿದೆ. ಕಾಲಡಿ ತಂಪಾಗಿ ಏನೋ ಸಿಕ್ಕಿತು. ಮುಂದಿನ ಕ್ಷಣ ಬೋರ್ಡಿನ ಕೆಳಗೆ ಅಂಗಾತ ಬಿದ್ದಿದ್ದೆ. ಮೈಯೆಲ್ಲ ಕುಂಕುಮ. ರಕ್ತವೆಂದು ಹೆದರಿ ಯಾರೋ ಕಿರುಚಿದರು. ಇನ್ಯಾರೋ "ಅಯ್ಯೋ, ಕುಕ್ಕರು!" ಎಂದರು.

ಪಾದದ ಮೂಳೆ ಬಿರುಕು ಬಿಟ್ಟಿತ್ತು. ಡಾಕ್ಟರು ಪ್ಲಾಸ್ಟರ್ ಹಾಕಿ ರಜೆ ಬರೆದರು. ಸಂಜೆ ಮನೆಗೆ ಬಂದ ನಾಲ್ಕೈದು ಜನ, "ರಜಾ ಹಾಕ್ಬೇಡಿ ಸಾರ್. ದಿನಾ ನಾವೇ ಎತ್ಕೊಂಡೋಗಿ ಕುರ್ಚಿ ಮೇಲೆ ಕೂರಿಸ್ತೀವಿ" ಎಂದು ಬೇಡಿಕೊಂಡರು. ನಾನು ಒಪ್ಪಲಿಲ್ಲ. ಪ್ರಾಮಾಣಿಕತೆ ಎಂದುಕೊಳ್ಳಬೇಡಿ. ನಾನು ಬಿದ್ದಾಗ ಮಂಗಳಾರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದವರು ನಮ್ಮ ಜನರಲ್ ಮ್ಯಾನೇಜರು.

ದೀಪಾವಳಿಗೆ ಮುಂಚೆ ಊರುಗೋಲು ಹಿಡಿದು ಕೆಲಸಕ್ಕೆ ಹೋದೆ. ಎಲ್ಲರೂ ಬೋರ್ಡಿನ ಮುಂದೆ ಸೇರಿದ್ದರು. ಪ್ಲಾಸ್ಟರ್ ಕಾಲಿನವನು ಏಣಿ ಹತ್ತಬಾರದು, ಅದೂ ನನ್ನದೇ ನಿಯಮ. ಕೊನೆಗೆ ರಂಗಪ್ಪ ಮುಂದೆ ಬಂದು ನನ್ನ ಸೊಂಟ ಹಿಡಿದು ಮಗುವಿನಂತೆ ಮೇಲೆತ್ತಿದ. ಗಾಳಿಯಲ್ಲಿ ತೂಗಾಡುತ್ತಾ ಸೊನ್ನೆಯನ್ನು ಕೊಂಡಿಗೆ ಸಿಕ್ಕಿಸಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ನಗಲಿಲ್ಲ. ಬೇಡವೆಂದು ರಂಗಪ್ಪನೇ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದನಂತೆ. ಅವರು ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಅಷ್ಟೂ ಮನೆಗಳ ಕುಕ್ಕರು ಕಳೆದವನನ್ನು ಅವನು ಅಷ್ಟು ಮೆತ್ತಗೆ ನೆಲಕ್ಕಿಳಿಸಿದ್ದಕ್ಕೆ ನನಗೆ ಅಳುವೇ ಬಂತು.

ಅಂದು ಮಧ್ಯಾಹ್ನವೇ ಸೊನ್ನೆ ಹಾಕಿಸುವ ಪದ್ಧತಿಯನ್ನು ರದ್ದು ಮಾಡಿದೆ. ಇದು ಮಾನವೀಯ ನಿರ್ಧಾರ ಎಂದು ಜನರಲ್ ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಆ ಹುಮ್ಮಸ್ಸಿನಲ್ಲಿ ಕುಂಟುತ್ತಾ ಹೋಗಿ ರಂಗಪ್ಪನಿಗೂ ವಿಷಯ ತಿಳಿಸಿದೆ. ಅವನು ಯಂತ್ರ ನಿಲ್ಲಿಸಿ, ನನ್ನ ಪ್ಲಾಸ್ಟರನ್ನೂ ತನ್ನ ಬೆರಳನ್ನೂ ಒಮ್ಮೆ ನೋಡಿದ.

"ಓದ್ ವರ್ಸಾನೇ ಬಿದ್ಬಿಟ್ಟಿದ್ರೆ ಚೆಂದಾಗಿತ್ತು ಸಾ, ನೀವು" ಎಂದ.